ಗರಸು ಹೊಲದ ಸಾಕ್ಷಿಯನ್ನು ಹುಡುಕಿ ಮುಂಬಯಿಗೆ

ಸೊಲ್ಲಾಪುರ ದಾಟಿದ ಮೇಲೆ

ರಾಜ್ಯಗಳನ್ನು ಭಾಷೆಯ ಆಧಾರದ ಮೇಲೆ ವಿಂಗಡಿಸುವವರೆಗೂ ಮುಂಬಯಿ ನಮ್ಮ ವಿಜಾಪುರ ಸೀಮೆಯ ರಾಜಧಾನಿಯೇ ಆಗಿತ್ತು. ನಮ್ಮ ಹಿರಿಯರು ಅರ್ಜಿ ಹಿಡಿದು ಅಲ್ಲಿಗೆ ಹೋಗಿ, ಮರಾಠಿಯಲ್ಲಿ ಬೈಸಿಕೊಂಡು, ಇಂಗ್ಲಿಷಿನಲ್ಲಿ ಇಲ್ಲವೆನ್ನಿಸಿಕೊಂಡು ಮರಳುತ್ತಿದ್ದರು. ಈಗ ಅರ್ಜಿಗಳು ಬೆಂಗಳೂರಿಗೆ ಹೋಗುತ್ತವೆ, ಇಲ್ಲವೆಂಬ ಮಾತು ಕನ್ನಡದಲ್ಲಿ ಬರುತ್ತದೆ. ಭೀಮೆಯ ಆಚೆಯದೆಲ್ಲ ಪರದೇಶವಾಯಿತು. ಈ ಪರದೇಶಕ್ಕೆ ನಾನು ಕಡಲು ನೋಡಲು ಹೋದವಳಲ್ಲ. ಒಬ್ಬ ಮನುಷ್ಯನನ್ನು ಹುಡುಕಿ ಕರೆತರಲು ಹೋದವಳು.

ಬೂದಿಗಟ್ಟಿ ಎಂಬ ಊರಿನ ಹೆಣ್ಣುಮಕ್ಕಳ ಶಾಲೆಗೆ ನಾನು ಶಿಕ್ಷಕಿಯಾಗಿ ಹೋಗಿ ಒಂದು ವರ್ಷವಾಗಿತ್ತಷ್ಟೆ. ಆ ಊರಿನ ಮಗ್ಗುಲಲ್ಲಿ ಒಂದು ಕಾಲುವೆ ಹಾಯಲಿದೆ. ಕಾಲುವೆಗಿಂತ ಮೊದಲು ಮಣ್ಣಿನ ಮೋಜಣಿ ನಡೆಯುತ್ತದೆ. ಆಳೆತ್ತರದ ಕುಣಿ ತೋಡಿಸಿ, ಅದರ ಗೋಡೆಯಲ್ಲಿ ಮಣ್ಣಿನ ಪದರಗಳನ್ನು ಓದುತ್ತಾರೆ. ಹಸಿಮಣ್ಣನ್ನು ಬೆರಳಲ್ಲಿ ಹೊಸೆದು ಎಷ್ಟು ಉದ್ದದ ಎಳೆ ಬರುತ್ತದೆಂದು ನೋಡುತ್ತಾರೆ. ಸುಣ್ಣದ ಅಂಶವಿದೆಯೇ ಎಂದು ಆಮ್ಲದ ಹನಿ ಬಿಟ್ಟು ನೊರೆಯನ್ನು ಗಮನಿಸುತ್ತಾರೆ. ಒಂದು ಕುಣಿ ಸುತ್ತಲಿನ ಎಷ್ಟೋ ಹೊಲಗಳ ಪರವಾಗಿ ಸಾಕ್ಷಿ ನುಡಿಯುತ್ತದೆ. ಮಳೆ ಕಡಿಮೆಯಿರುವ ನಮ್ಮ ಸೀಮೆಯಲ್ಲಿ ಯಾವ ಹೊಲಕ್ಕೆ ನೀರು, ಯಾವುದಕ್ಕೆ ಬರಿ ದನ ಮೇಯುವ ಭಾಗ್ಯ ಎಂಬುದು ಹೀಗೆ ತೀರ್ಮಾನವಾಗುತ್ತದೆ. ಶಾಸ್ತ್ರದ ಬಗ್ಗೆ ನನಗೆ ದೂರಿಲ್ಲ. ಕುಣಿಯನ್ನು ಎಲ್ಲಿ ತೋಡಿದರು ಎಂಬುದರ ಬಗ್ಗೆ ದೂರಿದೆ.

ಬೂದಿಗಟ್ಟಿಯ ಕೆಳಗಿನ ಬಯಲು ಎರಡು ಮೊಳ ಕರಿಮಣ್ಣಿನದು. ಅದರಡಿಯಲ್ಲಿ ನೀರು ಬಸಿಯುವ ಗರಸು, ಅಂದರೆ ಕಲ್ಲುಬೆರೆತ ಒರಟು ಮಣ್ಣು, ಇದೆ. ನೀರು ಕೊಟ್ಟರೆ ಜವುಳಾಗದೆ ಬೆಳೆಯುವ ನೆಲ. ಆದರೆ ನಕಾಶೆಯಲ್ಲಿ ಊರಿಗೆ ಊರೇ ‘ಬೇಸಾಯಕ್ಕೆ ಅಯೋಗ್ಯ’ ಎಂದು ಬಣ್ಣ ತಳೆದಿತ್ತು. ಕುಣಿಗಳೆಲ್ಲ ಮೇಲಿನ ದಿಬ್ಬದ ಗರಸಿನಲ್ಲಿ ಬಿದ್ದಿದ್ದವು. ಹೊಸ ಕುಣಿ ತೋಡಿರೆಂದು ನಾವು ಬೇಡಿದೆವು. ಹಳೆಯವು ತಪ್ಪು ಜಾಗದಲ್ಲಿವೆಯೆಂದು ಮೊದಲು ರುಜುವಾತಾಗಬೇಕು, ಅಂದು ಜಾಗ ತೋರಿಸಿದ ವಾಲೀಕಾರ ವಿಚಾರಣೆಗೆ ಬಂದು ಹೇಳಿಕೆ ಕೊಡಬೇಕು, ಇಲ್ಲವಾದರೆ ನಕಾಶೆ ಕಾಯಂ ಎಂದು ಉತ್ತರ ಬಂತು. ಮಣ್ಣು ಇದ್ದಲ್ಲೇ ಇರುವಾಗ ಮಣ್ಣನ್ನು ಕೇಳದೆ ಮನುಷ್ಯನ ಮಾತನ್ನು ಕೇಳುವ ಈ ಪದ್ಧತಿಯನ್ನು ನಾನು ಮೊದಲನೆಯ ಅನ್ಯಾಯವೆಂದು ಎಣಿಸುತ್ತೇನೆ.

ವಾಲೀಕಾರನೆಂದರೆ ಊರಿನ ಓಲೆಕಾರ, ಕಾವಲುಗಾರ, ಬಂದ ಅಧಿಕಾರಿಗಳ ಆಳು, ಎಲ್ಲವೂ. ಬೂದಿಗಟ್ಟಿಯ ವಾಲೀಕಾರ ಸಂಗಪ್ಪ ಹೊಲಗೇರಿಯವನು. ಹೊಟ್ಟೆಕಿಚ್ಚಿನಿಂದ ಕೆಟ್ಟ ನೆಲ ತೋರಿಸಿ ಮುಂಬಯಿಗೆ ಓಡಿಹೋದ ಎಂದು ಊರು ಹೇಳುತ್ತಿತ್ತು. ಅವನ ಗುರುತು ಹಿಡಿಯಲು ನನ್ನ ಜೊತೆ ಮಲ್ಲನಗೌಡರು ಹೊರಟರು. ಕೆಳಗಿನ ಬಯಲಿನಲ್ಲಿ ಹೆಚ್ಚು ಹೊಲ ಅವರದೇ.

ಗೌಡರು ಕಟ್ಟಿಕೊಂಡು ಬಂದ ಕಟಿರೊಟ್ಟಿ ಪುಣೆಯ ಹೊತ್ತಿಗೆ ಪುಡಿಯಾಗಿತ್ತು. ಆ ಪುಡಿಗೆ ಶೇಂಗಾ ಚಟ್ನಿ ಕಲಸಿ, ಎದುರಿನ ಮರಾಠಿ ಮುದುಕಿಗೂ ಒಂದು ಮುಷ್ಟಿ ಕೊಟ್ಟು, ಆಕೆಯ ಜಾತಿಯನ್ನು ಕೊಟ್ಟ ಮೇಲೆ ಕೇಳಿದರು. ಘಟ್ಟ ಇಳಿಯುವಾಗ ಮಳೆಗಾಲ ಮುಗಿದರೂ ಬಂಡೆಗಳಿಂದ ನೀರು ಸುರಿಯುತ್ತಲೇ ಇತ್ತು. ಗೌಡರು ಕಿಟಕಿಗೆ ಮುಖವೊತ್ತಿ ಬಹಳ ಹೊತ್ತು ನೋಡಿದರು. “ನೀರ ಇಲ್ಲೈತಿ, ಮಣ್ಣ ನಮ್ಮಲ್ಲೈತಿ,” ಎಂದರು. “ಯಾರ ಹಂಚಿದ್ರಿ ಅಕ್ಕೋರ ಇದನ್ನ?” ಹಂಚಿದ್ದು ಪ್ರಕೃತಿ, ಆದರೆ ಹಂಚಿಕೆಯನ್ನು ತಿದ್ದಬೇಕಾದುದು ಸರಕಾರ ಎಂದು ನಾನು ವಿವರಿಸತೊಡಗಿದೆ. ಅವರು ನಿದ್ದೆ ಹೋದರು.

ದಾದರ್‌ನಿಂದ ಅಂಧೇರಿ

ಸಾಂತಾಕ್ರೂಜ್‌ಗೆ ಹೋಗಲು ದಾದರ್‌ನಲ್ಲಿ ಇಳಿದು, ಸೇತುವೆ ಹತ್ತಿ, ಇನ್ನೊಂದು ಮಾರ್ಗದ ಲೋಕಲ್ ಹಿಡಿಯಬೇಕಿತ್ತು. ಸಂಜೆಯ ಜನಸಾಗರ. ನಾನು ಹೆಂಗಸರ ಡಬ್ಬಿಗೂ ಗೌಡರು ಗಂಡಸರ ಡಬ್ಬಿಗೂ ಹತ್ತಿದೆವು, ಅಥವಾ ಜನರೇ ನಮ್ಮನ್ನು ಹತ್ತಿಸಿದರು. ಒಳಗೆ ಕುಳಿತಿದ್ದ ಹೆಂಗಸರು ಮಡಿಲಲ್ಲಿ ಕಾಗದ ಹರಡಿಕೊಂಡು ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ಒಬ್ಬಾಕೆ ಬಟಾಣಿ ಸುಲಿಯುತ್ತಿದ್ದಳು. ಕಚೇರಿಯಲ್ಲಿ ದಿನವಿಡೀ ದುಡಿದವರು ಮನೆಯ ದುಡಿಮೆಯನ್ನು ಗಾಡಿಯಲ್ಲೇ ಆರಂಭಿಸಿದ್ದರು. ಪಕ್ಕದ ಡಬ್ಬಿಯಲ್ಲಿ ಅವರ ಗಂಡಂದಿರು ಇಸ್ಪೀಟು ಆಡುತ್ತಿದ್ದರು. ನಮ್ಮೂರಿನ ಹೆಂಗಸಿಗೆ ಹೊಲದಿಂದ ಮನೆಗೆ ನಡೆಯುವ ದಾರಿಯಲ್ಲಾದರೂ ಕೈ ಖಾಲಿಯಿರುತ್ತದೆ ಎಂದುಕೊಂಡೆ. ಮರುಕ್ಷಣವೇ ಅವಳ ತಲೆಯ ಮೇಲಿನ ಮೇವಿನ ಹೊರೆ ನೆನಪಾಗಿ ನನ್ನ ಹೋಲಿಕೆಯನ್ನು ಹಿಂತೆಗೆದುಕೊಂಡೆ.

ಸಾಂತಾಕ್ರೂಜ್ ಬಂತು, ನಿಲ್ಲದೆ ಹೋಯಿತು. ನಾವು ಹತ್ತಿದ್ದು ವೇಗದ ಗಾಡಿ. ಅಂಧೇರಿಯಲ್ಲಿ ಇಳಿದು ನೋಡಿದರೆ ಗೌಡರು ಬರಿದಲೆಯಲ್ಲಿ ಕಂಬವನ್ನು ಅಪ್ಪಿಕೊಂಡು ನಿಂತಿದ್ದಾರೆ. ತಲೆಗೆ ಸುತ್ತಿದ್ದ ರುಮಾಲಿನ ಒಂದು ತುದಿ ಅವರ ಕೈಯಲ್ಲಿದೆ, ಉಳಿದದ್ದು ಜನರ ನಡುವೆ ಎಲ್ಲೋ ಹೋಗಿದೆ. ಕಚೇರಿಯ ಚೀಲ ಹಿಡಿದ ಅಪರಿಚಿತನೊಬ್ಬ ಆ ಬಟ್ಟೆಯನ್ನು ಮೊಳ ಮೊಳವಾಗಿ ಸುತ್ತಿಕೊಳ್ಳುತ್ತ, ಅದರ ಗುಂಟವೇ ನಡೆದು ಬಂದು, ಗೌಡರ ಕೈಗೆ ಉಂಡೆಯನ್ನಿಟ್ಟು, ಮಾತಾಡದೆ ಹೊರಟುಹೋದ. ಮುಂಬಯಿಯ ಜನ ನಗಲು ಸಹ ಸಮಯವಿಲ್ಲದವರು. ಅದನ್ನು ಸೌಜನ್ಯವೆನ್ನಬೇಕೋ ದಣಿವೆನ್ನಬೇಕೋ ತಿಳಿಯಲಿಲ್ಲ.

ಸಾಂತಾಕ್ರೂಜ್

ನನ್ನ ಜೊತೆ ಓದಿದ ಉಡುಪಿಯ ಗೆಳತಿಯೊಬ್ಬಳ ಅಣ್ಣ ಸಾಂತಾಕ್ರೂಜ್‌ನಲ್ಲಿ ಹೋಟೆಲು ನಡೆಸುತ್ತಾರೆ. ನಾನು ಅವರ ಹೆಂಡತಿಯ ಜೊತೆ ಮನೆಯಲ್ಲಿ, ಗೌಡರು ಹೋಟೆಲಿನ ಬೆಂಚಿನ ಮೇಲೆ ಮಲಗುವುದೆಂದಾಯಿತು. ಹೋಟೆಲಿನ ಹಲಗೆಯ ಕನ್ನಡ ಅಕ್ಷರಗಳ ಮೇಲೆ ಡಾಂಬರು ಬಳಿದಿತ್ತು. ದಕ್ಷಿಣದವರು ಹೊರಡಿ ಎಂದು ಕೂಗುತ್ತ ಬಂದ ಗುಂಪು ಗಾಜು ಒಡೆದು ಹಲಗೆಗೆ ಹೀಗೆ ಮಾಡಿಹೋಗಿತ್ತಂತೆ. ಹೊಟ್ಟೆಪಾಡಿಗೆ ಬಂದವನ ಭಾಷೆಯ ಮೇಲೆ ಕರಿ ಬಳಿಯುವುದು ನಾಡಪ್ರೇಮವಲ್ಲ, ಹೇಡಿತನ ಎಂದು ನಾನು ಖಂಡಿಸಿದೆ. ಆ ಉಸಿರಿನಲ್ಲೇ, ಕೆಲಸದವರನ್ನು ಮೇಜಿನಡಿ ಮಲಗಿಸುವುದೂ ಅನ್ಯಾಯವೇ ಎಂದು ಶೆಟ್ಟರಿಗೆ ಹೇಳಿದೆ.

ಅವರು ಬೇಸರಿಸಲಿಲ್ಲ. “ಟೀಚರ್, ನೀವು ಬಂದು ಒಂದು ಚಾ ಕುಡಿದದ್ದು ಮಾತ್ರ. ಅಷ್ಟರಲ್ಲಿ ನಮ್ಮ ತಪ್ಪೆಲ್ಲ ಪಟ್ಟಿ ಆಯ್ತಲ್ಲ,” ಎಂದು ನಕ್ಕರು. ಗೌಡರು ಸಾಂಬಾರು ಸಿಹಿಯಾಯಿತೆಂದು ತಟ್ಟೆ ಸರಿಸಿದಾಗ ಅವರ ಕಡೆಗೂ ತಿರುಗಿದರು. “ಗೌಡ್ರೆ, ನಿಮ್ಮ ಖಾರ ಬೇಕಾದ್ರೆ ಧಾರಾವಿಗೆ ಹೋಗ್ಬೇಕು. ನಿಮ್ಮ ಊರಿನವ್ರು ಅಲ್ಲೇ ಇರುದು.”

ಹಾಗೆ ದಾರಿ ಸಿಕ್ಕಿತು. ವಿಜಾಪುರ, ಕಲಬುರ್ಗಿ ಕಡೆಯಿಂದ ಬಂದವರು ಧಾರಾವಿಯಲ್ಲಿ ಕೇರಿ ಕಟ್ಟಿಕೊಂಡಿದ್ದಾರೆ, ಅವರ ತಂಡಗಳು ಉಪನಗರಗಳ ಬಿಲ್ಡಿಂಗುಗಳಿಗೆ ಪಾಯ ತೋಡುತ್ತವೆ, ಊರಿನ ಹೆಸರು ಹೇಳಿದರೆ ಮನೆ ತೋರಿಸುತ್ತಾರೆ ಎಂದು ಶೆಟ್ಟರು ತಿಳಿಸಿದರು. ವಿಚಾರಣೆಗೆ ಒಂದು ವಾರವೂ ಉಳಿದಿರಲಿಲ್ಲ.

ಧಾರಾವಿ

ಮಾಹಿಮ್‌ನಲ್ಲಿ ಇಳಿದು ನಡೆದೆವು. ಹದ ಮಾಡುವ ತೊಗಲಿನ ವಾಸನೆ ಗಾಳಿಗಿಂತ ಮುಂದೆ ಬಂತು. ರೈಲಿನ ಸೇತುವೆಯ ಬುಡದಲ್ಲಿ ಗೌಡರು ನಿಂತುಬಿಟ್ಟರು. ಧೋತರದ ಸೆರಗನ್ನು ಮೂಗಿಗೆ ಹಿಡಿದು, ನೀವು ವಿಚಾರಿಸಿಕೊಂಡು ಬನ್ನಿ ಎಂದರು. ವಾಸನೆಯೊಂದೇ ಅವರನ್ನು ತಡೆಯಲಿಲ್ಲವೆಂಬುದು ನನಗೂ ಅವರಿಗೂ ಗೊತ್ತಿತ್ತು. ನಾನೊಬ್ಬಳೇ ಒಳಹೊಕ್ಕೆ. ಹಾದಿಯೆಂಬುದು ಗಟಾರದ ಮೇಲಿನ ಹಲಗೆಗಳು. ಒಂದು ಮನೆಯ ಗೋಡೆ ಎಣ್ಣೆಯ ಡಬ್ಬಿಗಳದು, ಮುಂದಿನದು ಹಳೆಯ ಸಿನಿಮಾ ಹಲಗೆಯದು. ಜಗತ್ತಿನ ಹತ್ತಿಯ ಬೆಲೆ ಕಟ್ಟುವ ನಗರವು ತನ್ನನ್ನು ಕಟ್ಟಿದವರಿಗೆ ಒಂದು ಇಟ್ಟಿಗೆಯ ಗೋಡೆಯನ್ನು ಕೊಟ್ಟಿಲ್ಲ.

ಸಂಗಪ್ಪನ ಹೆಂಡತಿ ದುರ್ಗವ್ವ ಬಾಗಿಲಲ್ಲಿ ಕುಳಿತು ಹಳೆಯ ತಗಡಿನ ಡಬ್ಬಿಗಳನ್ನು ಬಡಿದು ಚಪ್ಪಟೆ ಮಾಡುತ್ತಿದ್ದಳು. ಬೂದಿಗಟ್ಟಿಯ ಶಾಲೆಯವಳೆಂದಾಗ ಸುತ್ತಿಗೆ ನಿಲ್ಲಿಸಿ, ಒಳಗೆ ಕರೆದು, ಚಾಪೆ ಹಾಸಿದಳು. ಬಂದ ಕಾರಣ ಹೇಳಿದ ಮೇಲೆ ಎದುರಿಗೆ ಬಂದು ಕುಳಿತಳು. ಆಮೇಲೆ, ಆ ಊರಿನಲ್ಲಿ ಯಾರೂ ನನಗೆ ಹೇಳದಿದ್ದುದನ್ನು ಹೇಳಿದಳು.

ಮೋಜಣಿಯವರು ಬಂದದ್ದು ನಾನು ಆ ಊರಿಗೆ ಬರುವ ಮೊದಲು, ಎಳ್ಳಮಾಸಿಯ ಹಿಂದುಮುಂದು. ನಮ್ಮ ಕಡೆ ಎಳ್ಳಮಾವಾಸ್ಯೆಗೆ ಜೋಳ ತೆನೆಯನ್ನು ಒಳಗೇ ಹೊತ್ತು ಹೊಡೆಯಲ್ಲಿರುತ್ತದೆ. ಭೂಮಿ ಬಸುರಿಯೆಂದು ಜನ ಹೊಲಕ್ಕೆ ಹೋಗಿ, ಅವಳಿಗೆ ಉಣಿಸಲೆಂದು ಎಡೆಯ ಚರಗವನ್ನು ಹೊಲದ ತುಂಬ ಚೆಲ್ಲುತ್ತಾರೆ. ಆ ದಿನಗಳಲ್ಲಿ ಯಾರೂ ಹೊಲದೊಳಗೆ ಕಬ್ಬಿಣ ಇಳಿಸುವುದಿಲ್ಲ. ಕೆಳಗಿನ ಬಯಲಿನಲ್ಲಿ ಗುದ್ದಲಿ ಹಾಕಿಸಿದರೆ ಬಸುರಿಯ ಹೊಟ್ಟೆ ಸೀಳಿದಂತೆ ಎಂದು ಹಿರಿಯರು ತಡೆದರು. ಅಧಿಕಾರಿಗೂ ಬೇಗ ಮುಗಿಸಿ ಹೊರಡಬೇಕಿತ್ತು. ಜಾಗ ತೋರಿಸದಿದ್ದರೆ ಸರಕಾರದ ಸಿಟ್ಟು, ತೋರಿಸಿದರೆ ಊರಿನ ಸಿಟ್ಟು. ನಡುವೆ ಸಿಕ್ಕ ಸಂಗಪ್ಪ ಮಲ್ಲನಗೌಡರನ್ನು ಕೇಳಿದ. ನಿನ್ನ ಹೊಲದಲ್ಲಿ ಯಾವ ಬಸಿರಿದೆ, ಅಲ್ಲೇ ತೋಡಿಸು ಎಂದು ಗೌಡರು ಹೇಳಿದರು.

ಸಂಗಪ್ಪನ ಹೊಲವೆಂದರೆ ಚಾಕರಿಗೆಂದು ಅವನ ಮುತ್ತಜ್ಜನಿಗೆ ಊರು ಬಿಟ್ಟುಕೊಟ್ಟದ್ದು. ದಿಬ್ಬದ ಮೇಲೆ, ಗೇಣು ಮಣ್ಣು, ಕೆಳಗೆ ಬರಿ ಗರಸು. ಆ ವರ್ಷ ಅದರಲ್ಲಿ ಬಿತ್ತಿರಲೇ ಇಲ್ಲ. ಕುಣಿಗಳೆಲ್ಲ ಅಲ್ಲಿ ಮತ್ತು ಅದರ ಮಗ್ಗುಲಲ್ಲಿ ಬಿದ್ದವು. ನಕಾಶೆಯ ಸುದ್ದಿ ಬಂದ ದಿನ ಅವನನ್ನು ಚಾವಡಿಯ ಮುಂದೆ ನಿಲ್ಲಿಸಿ ಹೊಡೆದರು, ವಾಲೀಕಿಯನ್ನು ಬೇರೆಯವನಿಗೆ ಕೊಟ್ಟರು. ಕೂಲಿಗೆ ಕರೆಯುವವರು ಇಲ್ಲದಾದರು.

“ಕುಣಿ ತೋಡಾಕ ನಮ್ಮ ಹೊಲ, ಬಡಿಸಿಕೊಳ್ಳಾಕ ನಮ್ಮ ಮೈ,” ಎಂದಳು ದುರ್ಗವ್ವ. “ಈಗ ಸಾಕ್ಷಿ ಹೇಳಾಕೂ ನಮ್ಮ ಬಾಯೇ ಬೇಕಾತೇನ್ರಿ?”

ನನ್ನ ನಾಲಗೆಯಲ್ಲಿ ಖಂಡನೆಗಳು ಸಾಲುಗಟ್ಟಿ ನಿಂತಿದ್ದವು: ಭೂಮಿಗೆ ಬಸಿರು ಕಟ್ಟಿ ಮನುಷ್ಯನನ್ನು ಕೊಲ್ಲುವ ಮೂಢನಂಬಿಕೆ, ಕೆಳಗಿನ ಬಯಲನ್ನು ನೋಡದೆ ಊರಿಗೆಲ್ಲ ಬಣ್ಣ ಬಳಿದ ಅಧಿಕಾರಿ, ಬೆಳೆಯದ ನೆಲವನ್ನೇ ಆರಿಸಿ ಹೊಲಗೇರಿಗೆ ಕೊಟ್ಟ ಹಿರಿಯರು. ಬೂದಿಗಟ್ಟಿ ತಾನು ಸಂಗಪ್ಪನ ಮುತ್ತಜ್ಜನಿಗೆ ಕೊಟ್ಟ ಭೂಮಿಯ ಯೋಗ್ಯತೆಯನ್ನೇ ಸರಕಾರದಿಂದ ತಿರುಗಿ ಪಡೆದಿತ್ತು. ಆದರೆ ಇದನ್ನೆಲ್ಲ ದುರ್ಗವ್ವನಿಗೆ ಹೇಳುವ ಅಗತ್ಯವಿರಲಿಲ್ಲ. ಅವಳು ಸುತ್ತಿಗೆ ಎತ್ತಿಕೊಂಡು, ಗಂಡ ವಿಲೆ ಪಾರ್ಲೆಯಲ್ಲಿ ಸ್ಟೇಶನ್ನಿನ ಹತ್ತಿರದ ಬಿಲ್ಡಿಂಗಿನ ಕೆಲಸದಲ್ಲಿದ್ದಾನೆಂದು ಹೇಳಿದಳು.

ಸೇತುವೆಯ ಬುಡಕ್ಕೆ ಬಂದು, ಇದು ನಿಜವೇ ಎಂದು ಗೌಡರನ್ನು ಕೇಳಿದೆ. “ಹಬ್ಬದ ಗಡಿಬಿಡಿ ಇತ್ತ್ರಿ ಅಕ್ಕೋರ. ಯಾರೇನಂದ್ರು, ಯಾರಿಗೆ ನೆನಪ ಇರತೈತಿ,” ಎಂದರು. ನನಗಿಂತ ಮುಂದಾಗಿ ಸ್ಟೇಶನ್ನಿನ ದಾರಿ ಹಿಡಿದರು.

ವಿಲೆ ಪಾರ್ಲೆ

ವಿಲೆ ಪಾರ್ಲೆಯ ಗಾಳಿಯಲ್ಲಿ ಬಿಸ್ಕತ್ತಿನ ಸಿಹಿ ವಾಸನೆಯಿತ್ತು. ತಲೆಯ ಮೇಲೆ ವಿಮಾನಗಳು ಕೆಳಕೆಳಗೆ ಹಾಯುತ್ತಿದ್ದವು. ಗೌಡರು ಪ್ರತಿಯೊಂದಕ್ಕೂ ರುಮಾಲು ಹಿಡಿದುಕೊಂಡರು. ಹಳೆಯ ಬಂಗಲೆಯೊಂದನ್ನು ಕೆಡವಿದ ಜಾಗದಲ್ಲಿ ಹೌಸಿಂಗ್ ಸೊಸಾಯಿಟಿಯ ಬಿಲ್ಡಿಂಗಿಗೆ ಪಾಯ ತೋಡುತ್ತಿದ್ದರು. ಗುಂಡಿಯ ತಳದಲ್ಲಿ ಕಪ್ಪು ಕೆಸರು. ನಿಂತಲ್ಲಿ ನೀರು ಒಸರುತ್ತಿತ್ತು. ಗಂಡಸರು ಅಗೆದು ತುಂಬಿದರೆ ಹೆಂಗಸರು ಬುಟ್ಟಿ ಹೊತ್ತು ಏರುತ್ತಿದ್ದರು. ಮುಂಬಯಿಗೆ ಬಂದ ಮೇಲೆ ಎಲ್ಲ ಕಡೆಯೂ ಹಿಂದಿ ಮರಾಠಿಗಳ ಬೆರಕೆ ಮಾತು ಕೇಳಿದ್ದೆ. ಆ ಗುಂಡಿಯಿಂದ ಮಾತ್ರ ನಮ್ಮ ಸೀಮೆಯ ಕನ್ನಡ ಕಲಬೆರಕೆಯಿಲ್ಲದೆ ಮೇಲೆ ಬರುತ್ತಿತ್ತು.

ಸಂಗಪ್ಪ ಯಾರೆಂದು ಕೇಳಿದಾಗ ಒಬ್ಬಳು ಗುಂಡಿಗೆ ಬಾಗಿ, “ಸಂಗಪ್ಪಣ್ಣಾ, ನಿಮ್ಮೂರವ್ರು,” ಎಂದು ಕೂಗಿದಳು. ಅಣ್ಣಾ ಎಂಬುದನ್ನು ಕೇಳಿ ಗೌಡರು ನನ್ನ ಕಡೆ ನೋಡಿದರು. ಮೇಲೆ ಬಂದವನು ನಲವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಗೌಡರನ್ನು ಕಂಡೊಡನೆ ತಲೆಯ ವಸ್ತ್ರಕ್ಕೆ ಕೈ ಹೋಯಿತು. ಅರ್ಧಕ್ಕೆ ಬಿಚ್ಚಿ, ಏನೋ ಯೋಚಿಸಿ, ಮತ್ತೆ ಸುತ್ತಿಕೊಂಡ.

ಇಲ್ಲಿ ಎಳ್ಳಮಾಸಿಗೆ ಕೆಲಸ ನಿಲ್ಲಿಸುತ್ತಾರೇನೋ ಸಂಗ್ಯಾ ಎಂದು ಗೌಡರು ಕೇಳಿದರು.

“ಇಲ್ಲಿ ಭೂಮಿ ಬಸುರಿ ಆಗೂದಿಲ್ರಿ ಗೌಡ್ರ,” ಎಂದ ಸಂಗಪ್ಪ. “ಒಂದ ಕಾಯಿ ಒಡದ್ರ ಮುಗೀತು, ಎಷ್ಟ ಆಳ ಬೇಕಾದ್ರೂ ಅಗೀಬಹುದು.” ಬುಟ್ಟಿ ಹೊತ್ತವರು ನಕ್ಕರು. ಗೌಡರೂ ನಕ್ಕರು, ತಡವಾಗಿ.

ಬಂದ ಕೆಲಸವನ್ನು ನಾನು ವಿವರಿಸಿದೆ. ನಾಡಿದ್ದು ಹೊರಟರೆ ವಿಚಾರಣೆಗೆ ತಲುಪಬಹುದು. ಕುಣಿಗಳು ಎಲ್ಲಿ ಬಿದ್ದವು, ಯಾಕೆ ಬಿದ್ದವು ಎಂದು ಅವನು ಹೇಳಿದರೆ ಕೆಳಗಿನ ಬಯಲನ್ನು ಮತ್ತೆ ಪರೀಕ್ಷಿಸುತ್ತಾರೆ, ನೀರು ಬರುತ್ತದೆ, ಅವನ ಮೇಲಿನ ಅಪವಾದವೂ ತೊಳೆದುಹೋಗುತ್ತದೆ. ಹೇಳುವಾಗಲೇ ನನಗೆ ನಾಚಿಕೆಯಾಯಿತು, ಏಕೆಂದರೆ ಆ ನೀರು ಅವನ ದಿಬ್ಬವನ್ನು ಏರುವುದಿಲ್ಲ. ಅವನಿಗೂ ಅದು ಗೊತ್ತಿತ್ತು. ಆದರೂ ಅವನು ಅದನ್ನು ಎತ್ತಲಿಲ್ಲ. ಮಣ್ಣಾದ ಅಂಗೈಯನ್ನು ತೊಡೆಗೆ ಒರಸಿಕೊಳ್ಳುತ್ತ ಕೇಳಿಸಿಕೊಂಡ.

“ಬರ್ತೀನ್ರಿ ಅಕ್ಕೋರ. ನಾಡಿದ್ದ್ಯಾಕ, ನಾಳೇನ ಬರ್ತೀನಿ,” ಎಂದ. “ನನ್ನ ಹೊಲ ಕೆಟ್ಟದ್ದಂತ ನಾನ ಸಾಹೇಬರ ಮುಂದ ಹೇಳ್ತೀನಿ. ಆದ್ರ ಅಲ್ಲಿ ತೋಡು ಅಂತ ಯಾರ ಹೇಳಿದ್ರು, ಅದನ್ನ ಗೌಡ್ರ ಹೇಳ್ಬೇಕು. ನನ್ನ ಮಗ್ಗಲಾಗ ನಿಂತು.”

ಎಲ್ಲರೂ ಕೆಲಸ ನಿಲ್ಲಿಸಿದ್ದರು. ಕೆಲಸ ಮಾಡಿಸುವ ಮುಕಾದಮನೂ ಗದರಿಸದೆ ನೋಡುತ್ತಿದ್ದ. ಇದಕ್ಕಿಂತ ಕಡಿಮೆ ಬೆಲೆಯನ್ನು ಯಾರೂ ಕೇಳಲಾರರು. ನಾನು ಗೌಡರಿಗೆ ತಗ್ಗಿದ ದನಿಯಲ್ಲಿ, ಒಂದು ಮಾತು, ನಿಜವಾದ ಮಾತು, ಅದರ ಹಿಂದೆ ಊರಿನ ನೀರಿದೆ ಎಂದೆ. ಗೌಡರು ಬಗ್ಗಿ, ಅಂಚಿನಿಂದ ಒಂದು ಹಿಡಿ ಮಣ್ಣೆತ್ತಿಕೊಂಡು, ಹಿಸುಕಿ, ಬಿಸಾಡಿದರು. ಅವರು ಕೆಟ್ಟ ಮನುಷ್ಯರಲ್ಲ. ಕೆಳಗಿನ ಬಯಲಿನಲ್ಲಿ ನೀರು ಹರಿಯುವುದನ್ನು ಕಣ್ಣಾರೆ ಕಾಣಬೇಕೆಂದು ಆ ವಯಸ್ಸಿನಲ್ಲಿ ಇಷ್ಟು ದೂರ ಬಂದವರು.

“ಹೇಳಿರಬೇಕಪಾ ಆವಾಗ,” ಎಂದರು.

“ಯಾರ ಹೇಳಿರಬೇಕ್ರಿ, ಗೌಡ್ರ?”

“ಊರ ಹೇಳಿರಬೇಕು.”

ಸಂಗಪ್ಪ ಸ್ವಲ್ಪ ಹೊತ್ತು ಕಾದ. ಅವನು ಕಾಯುತ್ತಿದ್ದಾನೆಂಬುದು ಎಲ್ಲರಿಗೂ ಕಾಣುತ್ತಿತ್ತು. ವಿಮಾನವೊಂದು ಹಾದುಹೋಯಿತು, ಅದರ ಸದ್ದು ಅಡಗಿದ ಮೇಲೂ ಗೌಡರು ಏನೂ ಹೇಳಲಿಲ್ಲ.

“ಹಂಗಾರ ಸಾಹೇಬ್ರ ಮುಂದ ಊರನ್ನ ಕರ್ಕೊಂಡ ಹೋಗ್ರಿ,” ಎಂದ ಸಂಗಪ್ಪ, ಸಿಟ್ಟಿಲ್ಲದೆ. ನನಗೆ ಕೈಮುಗಿದು, ಮನೆಗೆ ಹೋಗಿ ಊಟ ಮಾಡಿಕೊಂಡು ಹೋಗಬೇಕೆಂದು ಹೇಳಿ, ಗುಂಡಿಗೆ ಇಳಿದ.

ಮರಳಿ

ಘಟ್ಟ ಹತ್ತುವಾಗ ಕತ್ತಲಾಗಿತ್ತು. ಕರ್ಜತ್‌ನಲ್ಲಿ ಹಿಂದಿನಿಂದ ಎಂಜಿನು ಹಚ್ಚುವ ಹೊತ್ತಿಗೆ ಗೌಡರು ತಾವಾಗಿ ಮಾತೆತ್ತಿದರು. “ಅಷ್ಟ ಮಂದಿ ಮುಂದ ನಾ ಸಂಗ್ಯಾಗ ಹಂಗ ಹೇಳಿದ್ರ, ನಾಳೆ ಊರಾಗ ನನ್ನ ಮಾತ ಯಾರ ಕೇಳ್ತಾರ್ರಿ?” ನೀರಿಲ್ಲದ ಊರಿನಲ್ಲಿ ಮಾತು ಯಾರಿಗೆ ಬೇಕು ಎಂದೆ. ಅವರು ನನ್ನನ್ನು ಕರುಣೆಯಿಂದ ನೋಡಿದರು. ಮಾತು ನಡೆಯದ ಊರಿನಲ್ಲಿ ನೀರನ್ನು ಏನು ಮಾಡುವುದೆಂಬ ಭಾವ ಆ ನೋಟದಲ್ಲಿತ್ತು. ಮುಂಬಯಿಯಲ್ಲಿ ಕಂಡ ಡಾಂಬರು, ಗಟಾರ, ತಗಡಿನ ಗೋಡೆಗಳನ್ನೆಲ್ಲ ಹೆಸರಿಟ್ಟು ಬೈದಿದ್ದ ನನಗೆ ಈ ನೋಟಕ್ಕೆ ಹೆಸರು ಸಿಗಲಿಲ್ಲ.

ವಿಚಾರಣೆಯ ದಿನ ಕಚೇರಿಯ ಜಗಲಿಯ ತುಂಬ ಹಳ್ಳಿಹಳ್ಳಿಗಳ ಜನ. ಬೂದಿಗಟ್ಟಿಯ ಸರದಿ ಬಂದಾಗ ಅಧಿಕಾರಿ ನಕಾಶೆ ಬಿಡಿಸಿ, ಕುಣಿಗಳ ಜಾಗ ತೋರಿಸಿದವರು ಯಾರೆಂದು ಕೇಳಿದರು.

“ಸಂಗ್ಯಾ ಅಂತ ನಮ್ಮ ವಾಲೀಕಾರ ಇದ್ದನ್ರಿ,” ಎಂದರು ಮಲ್ಲನಗೌಡರು. “ಮುಂಬೈಗೆ ಓಡಿ ಹೋಗ್ಯಾನ.”

ನಾನು ಎದ್ದುನಿಂತೆ. ಎಳ್ಳಮಾಸಿಯನ್ನೂ, ದಿಬ್ಬದ ಹೊಲವನ್ನೂ, ಅಲ್ಲೇ ತೋಡಿಸು ಎಂದವರ ಹೆಸರನ್ನೂ ಬಿಡದೆ ಹೇಳಿದೆ. ಗೌಡರು ನೆಲ ನೋಡುತ್ತಿದ್ದರು. ಅಧಿಕಾರಿ ನಡುವೆ ಬಾಯಿಹಾಕದೆ ಪೂರ್ತಿ ಕೇಳಿದರು. ಆಮೇಲೆ ಸೌಮ್ಯವಾಗಿ, ಆ ದಿನ ನೀವು ಅಲ್ಲಿದ್ದಿರಾ ಎಂದು ಕೇಳಿದರು.

ನಾನು ಇರಲಿಲ್ಲ. ಅವರು ನಕಾಶೆಯನ್ನು ಮಡಿಚಿ, ಮುಂದಿನ ಊರನ್ನು ಕೂಗಿಸಿದರು.